ಜುಮಾದಿ ನಿಂತ ದಿಕ್ಕು

"ಅದೆಲ್ಲ ಸರಿ, ನೀವು ನಮಾಜು ಮಾಡೋದು ಯಾವ ಕಡೆ ತಿರುಗಿ?" ಎಂದು ಸಹಪಾಠಿ ಜೊಸೆಟ್ ಕೇಳಿದ್ದೇ ಎಲ್ಲ ತಾಪತ್ರಯಕ್ಕೂ ಮೂಲವಾಯಿತು.

ಅಲ್ಲಿಯವರೆಗೆ ಜುಮಾದಿಯ ಬೆಳಗು ಚೆನ್ನಾಗಿಯೇ ಸಾಗಿತ್ತು. ಸುರಿನಾಮಿನ ರಾಜಧಾನಿ ಪರಾಮಾರಿಬೋದ ವಿಶ್ವವಿದ್ಯಾಲಯದ ಅಂಗಳದಲ್ಲಿ, ಮಾವಿನ ಮರದ ಕೆಳಗೆ ಮುಸ್ಲಿಂ ವಿದ್ಯಾರ್ಥಿಗಳ ಸಂಘ ಒಂದು ಮೇಜು ಹಾಕಿತ್ತು. ನಮ್ಮ ಧರ್ಮದ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಫಲಕ ಬೇರೆ. "ಉಪವಾಸದಲ್ಲಿ ನೀರೂ ಕುಡಿಯಲ್ವಾ?" ಎಂದು ಬಂದವರೆಲ್ಲ ಕೇಳಿದ್ದರು. ಜುಮಾದಿ ಬೇಸರಿಸದೆ ಉತ್ತರಿಸಿದ್ದ.

"ಮೆಕ್ಕಾದ ಕಡೆಗೆ," ಎಂದ ಈಗ.

"ಅದೇ, ಅದು ಯಾವ ಕಡೆ? ಕೈ ತೋರ್ಸು."

ಜುಮಾದಿಯ ಕೈ ಅರ್ಧಕ್ಕೆ ಏರಿ, ಕರೆಂಟು ಹೋದ ಫ್ಯಾನಿನಂತೆ ನಿಂತಿತು.

ಅವನ ಮುತ್ತಜ್ಜಂದಿರು ಜಾವಾದಿಂದ ಹಡಗಿನಲ್ಲಿ ಬಂದವರು. ಜಾವಾದಲ್ಲಿ ಮೆಕ್ಕಾ ಇದ್ದದ್ದು ಪಶ್ಚಿಮಕ್ಕೆ. ಸಮುದ್ರ ದಾಟಿ ಸುರಿನಾಮಿಗೆ ಬಂದ ಮೇಲೆ ಅದು ಪೂರ್ವಕ್ಕಾಯಿತು. ಆದರೆ ಹಿರಿಯರು ತಿರುಗಲಿಲ್ಲ. ಆಮೇಲೆ ಕೆಲವರು ತಿರುಗಿದರು, ಕೆಲವರು ಇಲ್ಲ. ಪಶ್ಚಿಮವನ್ನೇ ಹಿಡಿದು ನಿಂತ ಜುಮಾದಿಯ ಅಜ್ಜ ಇದೇ ಜಗಳದಲ್ಲಿ ಒಡಹುಟ್ಟಿದ ತಮ್ಮನ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದ.

ಅಜ್ಜ ಹೋದ ಮೇಲೆ ಮನೆಯಲ್ಲಿ ಉಳಿದವರು ಅಜ್ಜಿ, ಮೊಮ್ಮಗ ಇಬ್ಬರೇ. ತಾಯಿಯಿಲ್ಲದ ಹುಡುಗನನ್ನು ಸಾಕಿದವಳು ಅವಳು. ಹಾಗಾಗಿ ಜುಮಾದಿ ನದಿಯಾಚೆಯ ಮನೆಯಲ್ಲಿ ಅಜ್ಜಿಯಂತೆಯೇ ಪಶ್ಚಿಮಕ್ಕೆ ನಿಲ್ಲುತ್ತಿದ್ದ. ಇಲ್ಲಿ ಸಂಘದವರ ಜೊತೆ ಪೂರ್ವಕ್ಕೆ. ಇದು ಅಜ್ಜಿಗೆ ಗೊತ್ತಾದರೆ ಅವಳ ಎದೆ ಒಡೆದೀತು ಎಂಬುದೊಂದೇ ಅವನ ಭಯ.

"ಬಾಯಲ್ಲಿ ಯಾಕೆ? ಮಧ್ಯಾಹ್ನದ ನಮಾಜು ಇಲ್ಲೇ ಮಾಡಿ ತೋರಿಸೋಣ," ಎಂದ ಸಂಘದ ಕಾರ್ಯದರ್ಶಿ ಮಕ್ಸೂದ್. "ಜುಮಾದಿ, ಇವತ್ತು ನೀನೇ ಮುಂದೆ ನಿಲ್ಲು."

ಸಂಘದವರ ಜೊತೆ ತಾನೇ, ಪೂರ್ವವೇ ಎಂದುಕೊಂಡು ಜುಮಾದಿ ನಿರಾಳನಾದ. ಅಷ್ಟರಲ್ಲಿ ಗೇಟಿನ ಕಡೆಯಿಂದ ಸಾವೊತೊ ಸಾರಿನ ಘಮ ಬಂತು. ಅದರ ಹಿಂದೆಯೇ, ಪಾತ್ರೆ ಹೊತ್ತು ಅಜ್ಜಿ ಬಂದಳು.

"ಪರಧರ್ಮದ ಮಕ್ಕಳು ಬಂದು ಕೇಳ್ತಾರಂತೆ, ಖಾಲಿ ಹೊಟ್ಟೇಲಿ ಕಳಿಸ್ತೀಯೇನೋ?"

"ಅಜ್ಜಿ, ಬಿಸಿಲು! ಈಗ ಹೊರಟ್ರೆ ಬಸ್ಸು ಸಿಗುತ್ತೆ."

"ಮೊಮ್ಮಗ ಜನರೆದುರು ನಮಾಜಿಗೆ ನಿಲ್ತಾನೆ ಅಂತ ಗೇಟಲ್ಲೇ ಕೇಳಿಸ್ಕೊಂಡೆ, ನಾನು ಬಸ್ಸು ಹಿಡೀಲಾ?" ಎಂದು ಅವಳು ಮರದ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡಳು.

ಜುಮಾದಿ ಚಾಪೆಯನ್ನು ಪೂರ್ವಕ್ಕೆ ಹಾಸಿದ. ಓರೆಗಣ್ಣಲ್ಲಿ ನೋಡಿದರೆ ಅಜ್ಜಿಯ ಮುಖ ಸಪ್ಪಗಾದಂತೆ ಕಂಡಿತು. ಚಾಪೆ ಉತ್ತರಕ್ಕೆ ಸರಿಯಿತು. ಮಕ್ಸೂದ್ ಕೆಮ್ಮಿದ. ಮತ್ತೆ ಪೂರ್ವಕ್ಕೆ ಬಂತು. ಅಜ್ಜಿ ನಿಟ್ಟುಸಿರಿಟ್ಟಳು. ಮತ್ತೆ ಉತ್ತರ. ನೋಡಲು ಬಂದ ಹುಡುಗರು ತಾಯಿಕೋಳಿಯ ಹಿಂದಿನ ಮರಿಗಳಂತೆ ಚಾಪೆಯ ಸುತ್ತ ಸರಿದಾಡಿದರು.

"ಶುರು ಮಾಡೋಕೆ ಮುಂಚೆ ಎಷ್ಟು ಸಲ ತಿರುಗಿಸ್ಬೇಕು?" ಜೊಸೆಟ್ ಭಕ್ತಿಯಿಂದಲೇ ಕೇಳಿದಳು.

"ನೆರಳು ನೋಡ್ತಿದ್ದೀನಿ," ಎಂದ ಜುಮಾದಿ ಬೆವರುತ್ತ.

"ನಿನಗೇನಾಗಿದೆ ಮಾರಾಯ? ದಿನಾ ನಿಲ್ಲೋ ಕಡೆ ನಿಲ್ಲು," ಮಕ್ಸೂದ್ ಪಿಸುಗುಟ್ಟಿದ.

ಜುಮಾದಿ ಯೋಚಿಸಿದ. ಮಕ್ಸೂದನ ಸಿಟ್ಟು ಹೇಗೋ ಇಳಿಯುತ್ತದೆ. ಅಜ್ಜಿಗೆ ತಾನಲ್ಲದೆ ಇನ್ಯಾರಿದ್ದಾರೆ? ಕಣ್ಣು ಮುಚ್ಚಿ ಚಾಪೆಯನ್ನು ಪಶ್ಚಿಮಕ್ಕೆ ಎಳೆದು, ಯಾರೂ ಬಾಯಿ ತೆರೆಯುವ ಮೊದಲೇ ಕೈಯೆತ್ತಿ ನಮಾಜು ಶುರುಮಾಡಿಬಿಟ್ಟ.

ಮುಗಿಸಿ ಹಿಂತಿರುಗಿದರೆ ಕಂಡದ್ದು ಸಾಲು ಬೆನ್ನುಗಳು. ಮಕ್ಸೂದನೂ ಸಂಘದ ಹುಡುಗರೂ ಪೂರ್ವಕ್ಕೆ ತಿರುಗಿ ನಿಂತು, ಆಗಲೇ ಮುಗಿಸಿ ಏಳುತ್ತಿದ್ದರು. ಅವರ ಹಿಂದೆ, ಮರದ ಬುಡದಲ್ಲಿ, ಬಿಳಿ ನಮಾಜಿನ ಬಟ್ಟೆ ಹೊದ್ದ ಒಂದು ಪುಟ್ಟ ಬೆನ್ನು ಇನ್ನೂ ಬಾಗಿತ್ತು. ಅದೂ ಪೂರ್ವಕ್ಕೇ.

"ಅಜ್ಜಿ?"

ನಮಾಜು ಮುಗಿಸಿದ ಅಜ್ಜಿ ಕದ್ದು ಸಿಕ್ಕಿಬಿದ್ದವಳಂತೆ ತಿರುಗಿದಳು. "ನೋಡಿಬಿಟ್ಯಾ? ನಿನ್ನ ಬೆನ್ನು ಈ ಕಡೆ ಇದೆ, ಬೇಗ ಮುಗಿಸಿ ಎದ್ದುಬಿಡೋಣ ಅಂದ್ಕೊಂಡೆ. ಹಾಳು ಮಂಡಿ ಕೈಕೊಟ್ತು."

"ನೀನು... ಯಾವಾಗಿಂದ?"

"ನಿಮ್ಮಜ್ಜ ಹೋದಾಗಿಂದ. ನೀನು ಮನೇಲಿದ್ರೆ ನಿನ್ನ ಸಮಾಧಾನಕ್ಕೆ ಪಶ್ಚಿಮ. ನೀನು ಬಸ್ಸು ಹತ್ತಿದ ಮೇಲೆ ಪೂರ್ವ. ನೀನೂ ಅವರ ಹಾಗೇ ಹಟಮಾರಿ, ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ಮನಿದ್ದೆ."

ಜುಮಾದಿಗೆ ನಗುವೋ ಅಳುವೋ ತಿಳಿಯಲಿಲ್ಲ. "ಅಯ್ಯೋ ಅಜ್ಜಿ, ನಾನೂ ಇಲ್ಲಿ ದಿನಾ ಪೂರ್ವಕ್ಕೇ ನಿಲ್ಲೋದು!"

"ಸುಳ್ಳು ಹೇಳ್ಬೇಡ. ಊರಿಗೆ ಊರೇ ಈಗ ತಾನೇ ನೋಡ್ತು."

"ಮಕ್ಸೂದಣ್ಣ, ನೀವಾದ್ರೂ ಹೇಳಿ!"

ಮಕ್ಸೂದ್ ಆಗಲೇ ಸಾರಿನ ಬಟ್ಟಲು ಹಿಡಿದಿದ್ದ. "ನಿಜ ಅಜ್ಜಿ, ದಿನಾ ನಮ್ಮ ಜೊತೆ ಪೂರ್ವಕ್ಕೇ ನಿಲ್ತಿದ್ದ. ಇವತ್ತು ಜನ ಸೇರಿದ್ರು ನೋಡಿ, ತಿರುಗಿಬಿಟ್ಟ."

ಅಜ್ಜಿಯ ಹುಬ್ಬು ನಿಧಾನವಾಗಿ ಮೇಲೇರಿತು. "ಅಂದ್ರೆ ಜನ ನೋಡ್ಲಿ ಅಂತ ನಮಾಜು! ಅದಕ್ಕಿಂತ ನಿಮ್ಮಜ್ಜನ ಹಟಾನೇ ವಾಸಿಯಾಗಿತ್ತಲ್ಲೋ!"

"ಹಾಗಲ್ಲ ಅಜ್ಜಿ, ನಿನಗೋಸ್ಕರ..."

"ನಮಾಜು ನನಗೋಸ್ಕರಾನಾ? ಬಾಯಿ ಮುಚ್ಚು. ನಾಳೆಯಿಂದ ನಾನೂ ನಿನ್ನ ಜೊತೆ ಬಸ್ಸು ಹತ್ತುತ್ತೀನಿ. ಹಿಂದೆ ನಿಂತು ನಾನೇ ನೋಡ್ತೀನಿ."

"ಸಾರೂ ತರ್ತೀರಾ ಅಜ್ಜಿ?" ಎಂದಳು ಜೊಸೆಟ್, ಬಟ್ಟಲು ಮುಂದೆ ಚಾಚುತ್ತ.

"ದಿನಾ ತರ್ತೀನಮ್ಮ," ಎಂದಳು ಅಜ್ಜಿ. "ಇವನ ಓದು ಮುಗಿಯೋ ತನಕ."