ಪದ್ಮಾವತಮ್ಮನವರ ವಠಾರದ ಮಿಯಾಂವ್

ಪ್ರಾಣಿಗಳ ಕೂಗನ್ನು ಅಕ್ಷರಕ್ಕೆ ಇಳಿಸಿದ ಮಹನೀಯರು ಆ ಪ್ರಾಣಿಗಳನ್ನು ಕಣ್ಣಾರೆ ಕಂಡಿದ್ದರೋ ಇಲ್ಲವೋ ಎಂಬುದು ನನ್ನ ಹಳೆಯ ಗುಮಾನಿ. ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದ ಇಂಗ್ಲಿಷ್ ಪುಸ್ತಕದಲ್ಲಿ ಹುಂಜ ‘ಕಾಕ್ ಎ ಡೂಡಲ್ ಡೂ’ ಎನ್ನುತ್ತಿತ್ತು. ನುಗ್ಗೇಹಳ್ಳಿಯಲ್ಲಿ ಹುಟ್ಟಿ, ಹುಂಜದ ಕೂಗಿಗೇ ಕಣ್ಣುಜ್ಜಿಕೊಂಡು ಎದ್ದು ಬೆಳೆದ ನಾನು, ಯಾವ ಹುಂಜವೂ ಬೆಳಬೆಳಗ್ಗೆ ಅಷ್ಟುದ್ದದ ಭಾಷಣ ಮಾಡಿದ್ದನ್ನು ಕೇಳಿಲ್ಲ. ಹುಂಜದ ಮಾತು ಹಾಗಿರಲಿ, ನಾಯಿಯ ವಿಷಯದಲ್ಲೂ ದೇಶದೇಶಗಳಿಗೆ ಒಮ್ಮತವಿಲ್ಲ. ಆದರೆ ಬೆಕ್ಕು! ಬೆಕ್ಕಿನ ಮಾತು ಬೇರೆ. ಅದನ್ನು ನಾನು ಕಂಡುಹಿಡಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಹೆಂಡತಿ ಶಾರದೆಗೂ ಬರಲಿಲ್ಲ, ಏಕೆಂದರೆ ನಾನು ಅವಳನ್ನು ಮಲಗಲು ಬಿಡಲಿಲ್ಲ.

ಆಗ ನಾನು ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಮೇಷ್ಟ್ರು. ಭಾಷೆಗೊಂದು ರಾಜ್ಯವಾಗಿ ಎರಡು ಮೂರು ವರ್ಷವಾಗಿತ್ತಷ್ಟೆ. ಹೋಟೆಲಿನಲ್ಲಿ ಕಾಫಿ ಕುಡಿಯುವವರೆಲ್ಲ ಯಾವ ತಾಲ್ಲೂಕು ಯಾರಿಗೆ ಸೇರಬೇಕಿತ್ತೆಂದು ಬಿಸಿಬಿಸಿಯಾಗಿ ವಾದ ಮಾಡುತ್ತಿದ್ದ ಕಾಲ. ನಾವಿದ್ದದ್ದು ಪದ್ಮಾವತಮ್ಮನವರ ವಠಾರದಲ್ಲಿ. ನಾಲ್ಕು ಬಾಡಿಗೆ ಮನೆ, ಮುಂದುಗಡೆ ಅವರ ಸ್ವಂತ ಮನೆ, ನಡುವೆ ಅಂಗಳ, ಅಂಗಳದಲ್ಲಿ ಸಿಹಿನೀರಿನ ಬಾವಿ. ಆ ಬಾವಿಯೇ ಶಾರದೆಯ ಸ್ವರ್ಗ. ಹಿಂದಿನ ಮನೆಯಲ್ಲಿ ಅವಳು ಎರಡು ಬೀದಿ ದಾಟಿ ಕೊಡ ಹೊತ್ತು ತಂದವಳು. ಇಲ್ಲಿ ಬಾಗಿಲು ತೆಗೆದರೆ ನೀರು. ಈ ಮನೆ ಬಿಟ್ಟು ತಾನು ಎಲ್ಲಿಗೂ ಬರುವುದಿಲ್ಲವೆಂದು ಅವಳು ಮೊದಲ ದಿನವೇ ಹೇಳಿಬಿಟ್ಟಿದ್ದಳು. ನಮ್ಮ ಪಕ್ಕದಲ್ಲಿ ತಮಿಳಿನ ಕಾಂಪೌಂಡರ್ ಷಣ್ಮುಗಂ, ಎದುರಿಗೆ ತೆಲುಗಿನ ಓವರ್‌ಸೀಯರ್ ನಾಯುಡು, ಮೂಲೆಯಲ್ಲಿ ಮನೆಮಾತು ಮರಾಠಿಯಾದ ದರ್ಜಿ ನಾಮದೇವರಾಯರು. ಇವರೆಲ್ಲರ ನಡುವೆ ಒಂದು ಬೂದುಬಣ್ಣದ ಬೆಕ್ಕು. ನಾಲ್ಕು ಮನೆಯವರೂ ಕದ್ದು ಅದಕ್ಕೆ ಹಾಲು ಹಾಕುತ್ತಿದ್ದರು, ನಾಲ್ಕು ಮನೆಯವರೂ ಅದನ್ನು ‘ಪಕ್ಕದ ಮನೆಯ ಬೆಕ್ಕು’ ಎನ್ನುತ್ತಿದ್ದರು.

ಒಂದು ಸಂಜೆ ನಾಮದೇವರಾಯರ ಹೆಂಡತಿ ಮಗುವಿಗೆ ಉಣ್ಣಿಸುತ್ತ, ಬೆಕ್ಕು ತೋರಿಸಿ ‘ಮ್ಯಾಂವ್, ಮ್ಯಾಂವ್’ ಎಂದರು. ಅದೇ ಹೊತ್ತಿಗೆ ಕಾಂಪೌಂಡರ ಮನೆಯೊಳಗೂ ಯಾರೋ ಮಗುವಿಗೆ ‘ಮಿಯಾವ್’ ಎಂದದ್ದು ಕೇಳಿತು. ನಾನು ಚಪ್ಪಲಿಯನ್ನೂ ಮೆಟ್ಟದೆ ಅಂಗಳ ದಾಟಿ ಓಡಿ, ನಿಮ್ಮ ಕಡೆ ಬೆಕ್ಕು ಹೇಗೆ ಕೂಗುತ್ತದೆ ಎಂದು ನಾಯುಡು ಅವರನ್ನು ಕೇಳಿದೆ. ರಸ್ತೆ ಕೆಲಸ ಮುಗಿಸಿ ಸುಸ್ತಾಗಿ ಬಂದಿದ್ದ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಮ್ಯಾವ್’ ಎಂದು ಬಾಗಿಲು ಹಾಕಿಕೊಂಡರು. ಎಂಥ ರೋಮಾಂಚನ! ಗಡಿಗಾಗಿ ಜಗಳವಾಡುವ ಭಾಷೆಗಳೆಲ್ಲ ಬೆಕ್ಕಿನ ಮುಂದೆ ಒಂದಾಗಿದ್ದವು. ಇಂಗ್ಲಿಷಿನ ಬೆಕ್ಕೂ ‘ಮ್ಯೂ’ ಎನ್ನುತ್ತದೆಯಲ್ಲ! ವಿಶ್ವದ ಬೆಕ್ಕೆಲ್ಲ ‘ಮ’ಕಾರದಿಂದಲೇ ಬಾಯಿ ತೆರೆಯುತ್ತದೆ ಎಂಬ ಸಿದ್ಧಾಂತವನ್ನು ನಾನು ಸ್ಟಾಫ್ ರೂಮಿನಲ್ಲಿ ಮಂಡಿಸಿದೆ. ಗಣಿತದ ಮೇಷ್ಟ್ರು ಎದ್ದು ನೀರು ಕುಡಿಯಲು ಹೋದವರು ಗಂಟೆ ಹೊಡೆಯುವವರೆಗೆ ಬರಲಿಲ್ಲ.

ಈ ಸಿದ್ಧಾಂತಕ್ಕೆ ಪೆಟ್ಟು ಬಿದ್ದದ್ದು ಹಿರೀಸಾವೆಯಲ್ಲಿ. ಮಾವನ ಮನೆಯಿಂದ ಬರುವಾಗ ಅಲ್ಲಿನ ಹೋಟೆಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತವರು ಯುದ್ಧ ಮುಗಿದ ಮೇಲೆ ಪಲ್ಟನ್ನಿನ ಜೊತೆ ಜಪಾನಿಗೆ ಹೋಗಿ ಬಂದವರೆಂದು ತಿಳಿಯಿತು. ಬೇರೆಯವರಾಗಿದ್ದರೆ ಅಲ್ಲಿನ ಜನ ಹೇಗೆ, ಊರು ಹೇಗೆ ಎಂದು ಕೇಳುತ್ತಿದ್ದರು. ನಾನು ಬೆಕ್ಕು ಹೇಗೆ ಎಂದು ಕೇಳಿದೆ.

“ಅಲ್ಲಿ ಜನ ಬೆಕ್ಕು ನ್ಯಾ ಅಂತದೆ ಅಂತಾರೆ ಸಾ. ಮಿಯಾಂವ್ ಅಂದ್ರೆ ನಗ್ತಾರೆ” ಎಂದರು ಅವರು.

ನ್ಯಾ! ‘ಮ’ ಎಲ್ಲಿ ಹೋಯಿತು? ನಾನು ತಬ್ಬಿಬ್ಬಾಗಿ ಅವರಿಂದ ಅದನ್ನು ಮತ್ತೆ ಮತ್ತೆ ಹೇಳಿಸಿ ಕಲಿತೆ. ಅಷ್ಟರಲ್ಲಿ ನನ್ನ ಬಸ್ಸು ಹೋಗಿಯೇಬಿಟ್ಟಿತು. ಮುಂದಿನ ಬಸ್ಸು ಬರುವ ಹೊತ್ತಿಗೆ ಸಮಾಧಾನ ಸಿಕ್ಕಿತ್ತು: ‘ಮ’ ಆದರೇನು, ‘ನ’ ಆದರೇನು, ಎರಡೂ ಮೂಗಿನಿಂದ ಹೊರಡುವಂಥವೇ. ಇನ್ನು ಬೆಕ್ಕಿನ ಒಪ್ಪಿಗೆ ಪಡೆಯುವುದೊಂದೇ ಬಾಕಿ. ದಿನಾ ಸ್ಕೂಲಿನಿಂದ ಬಂದವನೇ ಹಿತ್ತಲಲ್ಲಿ ಕೂತು, ಬೆಕ್ಕು ಓಡಿಹೋಗದಿರಲೆಂದು ಒಂದು ತಟ್ಟೆ ಹಾಲಿಟ್ಟು, ಎಲ್ಲ ಭಾಷೆಗಳಲ್ಲೂ ಕೂಗಿ ಅದರ ಮುಖ ನೋಡುತ್ತಿದ್ದೆ. ಮೊಸರಿಗೆ ಹೆಪ್ಪು ಹಾಕಲು ಹಾಲು ಉಳಿಯುತ್ತಿಲ್ಲವೆಂದು ಶಾರದೆ ಗೊಣಗಿದಳು. ಸಂಶೋಧನೆ ಎಂದರೆ ಖರ್ಚು ಇದ್ದದ್ದೇ ಎಂದೆ.

ಹೀಗಿರುವಾಗ ಆ ಬೆಕ್ಕು ಮಾಡಬಾರದ ಕೆಲಸ ಮಾಡಿತು. ಪದ್ಮಾವತಮ್ಮನವರು ಜೈನರು, ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ, ಅಂಗಳದಲ್ಲಿ ಇರುವೆ ಸಾಲು ಕಂಡರೆ ನಿಂತು ದಾರಿ ಬಿಡುವವರು. ಮಡಿಯುಟ್ಟು ಬಸದಿಗೆ ಹೊರಟ ಅವರ ಹೊಸ್ತಿಲ ಮೇಲೆ ಬೆಕ್ಕು ಒಂದು ಅಳಿಲನ್ನು ಕೊಂದು ತಂದಿಟ್ಟಿತು. ಅವರು ಬೆಕ್ಕನ್ನು ಬೈಯಲಿಲ್ಲ. ಮೂಕಪ್ರಾಣಿ, ಅದರ ಹುಟ್ಟುಗುಣ. ಅದನ್ನು ಹೊಡೆದಟ್ಟುವುದೂ ಹಿಂಸೆಯೇ. ಹಾಗಾಗಿ ಅದನ್ನು ಸಾಕಿದ ಮನೆಯವರು ಅದರ ಸಮೇತ ಬೇರೆ ಮನೆ ನೋಡಿಕೊಳ್ಳಲಿ ಎಂದು ತೀರ್ಪು ಕೊಟ್ಟರು. ನಾಲ್ಕು ಮನೆಯವರೂ ದೇವರಾಣೆ ಅದು ತಮ್ಮದಲ್ಲವೆಂದರು.

ಶಾರದೆ ನನ್ನ ತೋಳು ಹಿಡಿದು ಒಳಕ್ಕೆಳೆದು, “ನೀವು ಸುಮ್ನಿರಿ. ಯಾರೂ ಒಪ್ಪದೆ ಇದ್ರೆ ಅವರಾಗೇ ಮರೀತಾರೆ” ಎಂದಳು. ಎಷ್ಟು ಸರಿಯಾದ ಮಾತು! ಆದರೆ ನನ್ನ ಸಿದ್ಧಾಂತವನ್ನು ಪರೀಕ್ಷೆಗೊಡ್ಡಲು ಇಂಥ ಅವಕಾಶ ಮತ್ತೆ ಸಿಗುತ್ತದೆಯೆ? ನಾನು ಹೊರಗೆ ಹೋಗಿ, ಪ್ರತಿ ಮನೆಯವರೂ ತಮ್ಮ ಬಾಗಿಲಲ್ಲಿ ನಿಂತು ತಮ್ಮ ಭಾಷೆಯ ಬೆಕ್ಕಿನಂತೆ ಕೂಗಲಿ, ಬೆಕ್ಕು ತನ್ನ ಮನೆಯ ಭಾಷೆ ಗುರುತು ಹಿಡಿದು ಹೋಗುತ್ತದೆ ಎಂದೆ. ಪದ್ಮಾವತಮ್ಮನವರಿಗೆ ಇದು ನ್ಯಾಯವಾಗಿ ಕಂಡಿತು.

ಭಾನುವಾರ ಬೆಳಗ್ಗೆ ಅವರು ಜಗುಲಿಯ ಮೇಲೆ ಕೂತರು. ಬೆಕ್ಕು ಬಾವಿಕಟ್ಟೆಯ ಮೇಲೆ ಕೂತು ಪಾದ ನೆಕ್ಕುತ್ತಿತ್ತು. ಷಣ್ಮುಗಂ ಗಂಟಲು ಸರಿಮಾಡಿಕೊಂಡು ‘ಮಿಯಾವ್’ ಎಂದರು. ಬೆಕ್ಕು ಅಲುಗಲಿಲ್ಲ. ನಾಮದೇವರಾಯರು ಬಾಯಲ್ಲಿ ಸೂಜಿ ಕಚ್ಚಿಕೊಂಡವರಂತೆ ಮೆಲ್ಲಗೆ ‘ಮ್ಯಾಂವ್’ ಎಂದರು. ಅದಕ್ಕೂ ಅಲುಗಲಿಲ್ಲ. ನಾಯುಡು ಕೂಲಿಗಳನ್ನು ಗದರಿಸುವ ದನಿಯಲ್ಲಿ ಕೂಗಿದರು. ಬೆಕ್ಕಿನ ಬದಲು ಬೀದಿಯ ನಾಯಿ ಉತ್ತರ ಕೊಟ್ಟಿತು. ನಾನು ಒಂದು ಸಣ್ಣ ಕನ್ನಡ ಮಿಯಾಂವ್ ಹೇಳಿ ಒಳಗೆ ಹೋಗಿದ್ದರೆ ಆಗಿತ್ತು. ಆದರೆ ಮೂವರೂ ಎಷ್ಟು ಕೆಟ್ಟದಾಗಿ ಕೂಗಿದ್ದರೆಂದರೆ ನನ್ನೊಳಗಿನ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಅಂಗಳದ ನಡುವೆ ನಿಂತು ತಮಿಳು ತಿದ್ದಿದೆ, ಮರಾಠಿ ತಿದ್ದಿದೆ, ತೆಲುಗು ತಿದ್ದಿದೆ, ಇಂಗ್ಲಿಷನ್ನು ಸೇರಿಸಿದೆ. ಉತ್ಸಾಹ ಉಕ್ಕಿ ಜಪಾನಿಗೂ ಹೋದೆ. ‘ನ್ಯಾ’ ಎಂದದ್ದೇ ತಡ, ಬೆಕ್ಕು ಕಟ್ಟೆಯಿಂದ ಹಾರಿ, ಬಾಲ ನೆಟ್ಟಗೆ ಮಾಡಿಕೊಂಡು ಬಂದು, ನನ್ನ ಪಂಚೆಗೆ ಮೈ ಉಜ್ಜಿ, ಹಾಲಿನ ತಟ್ಟೆ ಎಲ್ಲಿ ಎಂಬಂತೆ ನನ್ನ ಮುಖ ನೋಡಿತು. ಉಳಿದ ಮೂರು ಬಾಗಿಲುಗಳಿಂದ ನಿಟ್ಟುಸಿರು ಕೇಳಿಸಿತು. ಶಾರದೆ ಮಾತ್ರ ಬಾವಿಯನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಆಗ ನನ್ನ ಉತ್ಸಾಹ ಇಳಿಯಿತು.

ಕೋಟೆ ಬೀದಿಯಲ್ಲಿ ಸಿಕ್ಕ ಮನೆಯ ಬಾವಿ ಸವುಳು ನೀರಿನದು. ಪಾತ್ರೆ ಜೋಡಿಸುತ್ತ ಶಾರದೆ, “ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ” ಎಂದಳು. ಗೋಣಿಚೀಲದಲ್ಲಿ ತಂದ ಬೆಕ್ಕು ಆ ಮನೆಯಲ್ಲಿ ಎರಡು ದಿನ ಯಾವ ಭಾಷೆಯಲ್ಲೂ ತುಟಿ ಬಿಚ್ಚಲಿಲ್ಲ. ಮೂರನೆಯ ದಿನ ಕಾಣೆಯಾಯಿತು. ನಾನು ಹಳೆಯ ವಠಾರಕ್ಕೆ ಓಡಿದೆ. ಪದ್ಮಾವತಮ್ಮನವರ ಜಗುಲಿಯಲ್ಲೇ ಅದು ಹಾಲು ಕುಡಿಯುತ್ತಿತ್ತು, ಅವರೇ ಹಾಕಿದ ಹಾಲು! ನಾವು ಬಿಟ್ಟ ಮನೆಗೆ ಇನ್ನೂ ಯಾರೂ ಬಾಡಿಗೆಗೆ ಬಂದಿರಲಿಲ್ಲ. ನನ್ನ ಸಂತೋಷಕ್ಕೆ ಪಾರವಿಲ್ಲ. ನಾಯಿ ಮನುಷ್ಯರನ್ನು ನೆಚ್ಚುತ್ತದೆ, ಬೆಕ್ಕು ಮನೆಯನ್ನು ನೆಚ್ಚುತ್ತದೆ. ಆದ್ದರಿಂದ ಇದು ನನ್ನದಲ್ಲ, ಈ ಮನೆಯದು. ಆದ್ದರಿಂದ ನಮ್ಮನ್ನು ಬಿಡಿಸಿದ್ದು ಸರಿಯಲ್ಲ ಎಂದು ಒಂದೊಂದಾಗಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಬಾಗಿಲಿಗೆ ಬಂದ ಮೂಕಪ್ರಾಣೀನ ಓಡಿಸೋದು ನಮ್ಮಲ್ಲಿಲ್ಲ ಮೇಷ್ಟ್ರೇ. ಅದಕ್ಕೆ ಯಾರಿದಾರೆ ಹೇಳಿ” ಎಂದರು. “ನಿಮಗೇನು, ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರೆ. ನಿಮ್ಮ ಬಾಯಿ ಐದಾರು ಭಾಷೇಲಿದೆ.”

ಮನೆಗೆ ಬಂದಾಗ ಶಾರದೆ ಒಲೆಯ ಮುಂದೆ ಸವುಳು ನೀರಿನಲ್ಲಿ ಬೇಯದ ಬೇಳೆಯನ್ನು ಕದಡುತ್ತ ಕೂತಿದ್ದಳು. ಅವರು ಏನಂದರೆಂದು ಕೇಳಿದಳು. ಬೆಕ್ಕಿಗೂ ಮನೆಗೂ ಇರುವ ಸಂಬಂಧದ ವಿಷಯದಲ್ಲಿ ನಾನೊಂದು ಹೊಸ ಸಂಗತಿ ಕಂಡುಹಿಡಿದಿದ್ದೇನೆ ಎಂದು ಶುರುಮಾಡಿದೆ. ಅವಳು ಸೌಟು ಕೆಳಗಿಟ್ಟು, ಎದ್ದುಹೋಗಿ, ಬೀದಿ ಬಾಗಿಲು ಮುಚ್ಚಿ ಬಂದಳು.

“ಮೆಲ್ಲಗೆ ಮಾತಾಡಿ” ಎಂದಳು. “ಪಕ್ಕದ ಮನೆಯಲ್ಲೇ ಓನರ್ ಇದಾರೆ.”