ಮನುಷ್ಯರಿದ್ದರೆ ಮಾತ್ರ ಉರಿಯುವ ದೀಪ

ಪ್ರೂಫ್ ತಿದ್ದುವ ಮಹಾಶಯರು ಹದಿನೈದು ದಿನ ಅಂಗಡಿ ಅಂಗಡಿ ಅಲೆದು ಕೈಯಾರೆ ಆರಿಸಿದ ದೀಪ ಅದು. (ಆರಿಸಿದ್ದು ಎಂದರೆ ಆಯ್ದದ್ದು. ಇನ್ನೊಂದು ಅರ್ಥದ ಆರಿಸುವ ಕೆಲಸವನ್ನು ದೀಪ ತಾನೇ ವಹಿಸಿಕೊಂಡಿತು.) ಅವರು ಕೂತು ಕೆಲಸ ಮಾಡುವ ನಡುಕೋಣೆಗೆ ಕಿಟಕಿಯಿಲ್ಲ, ಹಗಲಲ್ಲೂ ದೀಪ ಬೇಕು. ಎದ್ದು ಹೋಗುವಾಗ ಸ್ವಿಚ್ಚು ಮರೆಯುತ್ತಾರೆಂದು ಹೆಂಡತಿಯ ನಿತ್ಯಪಾರಾಯಣ. ಹಾಗಾಗಿ ಅಂಗಡಿಯವನು, “ಮನುಷ್ಯರಿದ್ರೆ ಉರಿಯುತ್ತೆ ಸಾರ್, ಇಲ್ದಿದ್ರೆ ತಾನೇ ಆರಿಹೋಗುತ್ತೆ. ಕರೆಂಟು ಭಾರೀ ಉಳಿತಾಯ” ಎಂದಾಗ ಅವರಿಗೆ ಸಾಕ್ಷಾತ್ ಜ್ಞಾನೋದಯವಾಯಿತು.

ಮರುದಿನ ಬೆಳಿಗ್ಗೆ ಕರಡು ಹರಡಿಕೊಂಡು ಕೂತರು. ಮೂರೇ ನಿಮಿಷ, ದೀಪ ಆರಿತು. ಬೆಚ್ಚಿಬಿದ್ದರು, ಹತ್ತಿತು. ಮತ್ತೆ ಅಕ್ಷರಗಳಲ್ಲಿ ಕಣ್ಣು ನೆಟ್ಟರು, ಆರಿತು. ಕಣ್ಣುಗುಡ್ಡೆ ಬಿಟ್ಟು ಬೇರೇನನ್ನೂ ಅಲ್ಲಾಡಿಸದೆ ಮೂವತ್ತು ವರ್ಷ ದುಡಿದ ಅವರ ಏಕಾಗ್ರತೆಗೆ ಆ ದೀಪ ಮೂರು ಕಾಸಿನ ಬೆಲೆ ಕೊಡಲಿಲ್ಲ. ಕೊನೆಗೆ ಸಾಲಿಗೊಮ್ಮೆ ಎಡಗೈ ಬೀಸತೊಡಗಿದರು.

ಹೆಂಡತಿ ಇಣುಕಿದಳು. “ರೀ, ಯಾರಿಗೆ ಟಾಟಾ ಮಾಡ್ತಿದ್ದೀರಿ?”

“ದೀಪಕ್ಕೆ ಕಣೇ! ನಾನು ಇದ್ದೀನಿ ಅಂತ ತೋರಿಸ್ಬೇಕಲ್ಲ!”

“ನೀವು ಇದ್ದೂ ಇಲ್ಲದ ಹಾಗೆ ಅಂತ ನನಗೆ ತಿಳಿಯೋಕೆ ಮೂರು ವರ್ಷ ಹಿಡೀತು. ಇದು ಚುರುಕಾಗಿದೆ.”

ಎಲೆಕ್ಟ್ರಿಷಿಯನ್ ಬಂದು ನೋಡಿದ. “ದೀಪ ಸರಿಯಾಗೇ ಇದೆ ಸಾರ್. ನೀವೇ ಸ್ವಲ್ಪ ಅಲ್ಲಾಡ್ಬೇಕು” ಎಂದು ಹೊರಟುಹೋದ.

ಹೆಂಡತಿಯೇ ಪರಿಹಾರ ಹುಡುಕಿದಳು. ತನ್ನ ತಾಯಿಯನ್ನು ತೂಗುಕುರ್ಚಿ ಸಮೇತ ನಡುಕೋಣೆಗೆ ಸ್ಥಳಾಂತರಿಸಿದಳು. ಕುರ್ಚಿ ತೂಗಿತು, ದೀಪ ಬೆಳಗಿತು, ಅತ್ತೆಯ ಬಾಯಿಯೂ ಬಿಚ್ಚಿತು.

“ನೀವು ಓದಿ ಅಳಿಯಂದಿರೇ, ನಾನೇನೂ ತೊಂದರೆ ಕೊಡಲ್ಲ. ಅಂದ ಹಾಗೆ, ನಿಮ್ಮ ಷಡ್ಡಕನಿಗೆ ಮತ್ತೆ ಬಡ್ತಿಯಂತೆ. ಅವನು ಒಂದು ಕಡೆ ಕೂರೋ ಪೈಕಿಯೇ ಅಲ್ಲ ನೋಡಿ...”

ಷಡ್ಡಕನ ಬಡ್ತಿ, ಕಾರು, ಹೊಸ ಮನೆಯ ಮೂರು ಬಾಲ್ಕನಿಗಳ ನಡುವೆ ಹೇಗೋ ದಾರಿ ಮಾಡಿಕೊಂಡು ಮಹಾಶಯರು ಒಂದು ಸಂಘದ ಸ್ಮರಣ ಸಂಚಿಕೆಯನ್ನು ತಿದ್ದಿ ಕಳಿಸಿದರು.

ವಾರದೊಳಗೆ ಮುದ್ರಣಾಲಯದ ಮಾಲೀಕರ ಫೋನ್ ಬಂತು. “ಏನ್ರೀ ಇದು! ‘ಸಭೆಗೆ ನಗರದ ಗಣ್ಯರು ಬಂದಿದ್ದರು’ ಅಂತ ಇರ್ಬೇಕಾದ ಕಡೆ ‘ನಗಣ್ಯರು ಬಂದಿದ್ದರು’ ಅಂತ ಅಚ್ಚಾಗಿದೆ! ಆ ನಗಣ್ಯರೆಲ್ಲ ಈಗ ನನ್ನ ಬಾಗಿಲಲ್ಲಿ ನಿಂತಿದ್ದಾರೆ! ಇನ್ನೊಂದು ತಪ್ಪು ಕಂಡರೆ ನಿಮಗೂ ನಮಗೂ ಇಲ್ಲಿಗೆ ಮುಗೀತು!”

ಮಹಾಶಯರು ಹೆಂಡತಿಯ ಮುಂದೆ ಕೈಮುಗಿದರು. “ನಿಮ್ಮಮ್ಮನ್ನ ಆಚೆ ಕರ್ಕೊಂಡು ಹೋಗೇ. ಅನ್ನ ಹೋಗುತ್ತೆ!”

“ಅಮ್ಮಂಗೆ ಆ ಕೋಣೆ ಹಿಡಿಸಿಬಿಟ್ಟಿದೆ. ಅಲ್ಲಾಡದವರಿಗೆ ಅಲ್ಲೇನು ಕೆಲಸ? ನೀವೇ ಆಚೆ ಹೋಗಿ.”

ಈಗ ಮಹಾಶಯರು ಬೀದಿ ಬಾಗಿಲ ಮೆಟ್ಟಿಲ ಮೇಲೆ, ತಲೆಗೆ ಟವೆಲ್ ಹಾಕಿಕೊಂಡು, ಹಾಳೆ ಹಾರದಂತೆ ಮೊಣಕೈ ಊರಿ, ಬಿಸಿಲಲ್ಲಿ ಪ್ರೂಫ್ ತಿದ್ದುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅಕ್ಷರಗಳೇ ಬೆವರುತ್ತವೆ. ಒಳಗೆ ಅತ್ತೆ ಗೊರಕೆ ಹೊಡೆಯುತ್ತಿರುತ್ತಾರೆ. ದೀಪ ಮಾತ್ರ ಆರುವುದಿಲ್ಲ. ಅತ್ತೆಗೆ ನಿದ್ದೆಯಲ್ಲೂ ಕಾಲಾಡಿಸುವ ಅಭ್ಯಾಸ.