ಏಳಡಿ ಮೀನಿಗೆ ಹೆದರಿದ ಕಮಾಂಡೊ

ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕು. ಅವರು ನೀರು ಕುಡಿದ ಮೇಲಷ್ಟೇ ಬಂದ ಕಾರಣ ಕೇಳಬೇಕು. ಟೆಶಿ ಎಂಬ ಮೀನುಗಾರರ ಊರಿನ ಸಮುದ್ರದಂಡೆಯಲ್ಲಿ ಈ ಕ್ರಮ ತಪ್ಪಿದವನನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದರೆ ಬಡಗಿ ಲಾರ್ಯೆಗೆ ಆ ದಿನ ತಡೆಯಲಾಗಲಿಲ್ಲ. ಹಿರಿಯ ಓಡೊಯ್ ಇನ್ನೂ ಲೋಟ ತುಟಿಗೆ ಇಟ್ಟಿದ್ದರಷ್ಟೇ, ಲಾರ್ಯೆ ನಾಟಕದ ಪರದೆ ಸರಿಸುವವನ ಗತ್ತಿನಲ್ಲಿ ಹೊದಿಕೆಯನ್ನು ಎಳೆದೇಬಿಟ್ಟ.

ಏಳಡಿ ಉದ್ದದ ಕೆಂಪು ಮೀನು! ತಟ್ಟೆಯಗಲ ಕಣ್ಣು, ಬಾಯ್ತುಂಬ ಹಲ್ಲು. ತೀರಿಕೊಂಡ ಓಡೊಯ್ ಅವರ ಅಣ್ಣ, ದೋಣಿಯ ಯಜಮಾನ, ಮೀನುಗಾರರ ಮುಖಂಡ ಅನಾಂಗ್, ಶನಿವಾರ ಮಣ್ಣಿಗೆ ಹೋಗಬೇಕಾದ ಶವಪೆಟ್ಟಿಗೆ ಅದು. (ಇಲ್ಲಿ ಈರುಳ್ಳಿ ಮಾರಿದವಳಿಗೆ ಈರುಳ್ಳಿ ಆಕಾರದ ಪೆಟ್ಟಿಗೆ, ಬಸ್ಸು ಓಡಿಸಿದವನಿಗೆ ಬಸ್ಸಿನದು. ಬದುಕಿಡೀ ಮೀನು ಹಿಡಿದವನನ್ನು ಕಡೆಗೆ ಮೀನೇ ಹಿಡಿದುಕೊಂಡು ಹೋಗುವುದು ನ್ಯಾಯ ತಾನೆ?) ಕಣ್ಣಿಗೆ ಮೂರು ದಿನ, ಹಲ್ಲಿಗೆ ಎರಡು ದಿನ, ತಳಕ್ಕೆ ಅರ್ಧ ಗಂಟೆ ದುಡಿದಿದ್ದ ಲಾರ್ಯೆ. ತಳವನ್ನು ಬಗ್ಗಿ ನೋಡುವವರಾದರೂ ಯಾರು!

ಬೆಂಚಿನಡಿ ಮಲಗಿದ್ದ ಕಮಾಂಡೊ ಕಣ್ಣು ಬಿಟ್ಟಿತು. ದಿನಾ ಮೀನಿನ ತಲೆ ತಿಂದು ಬೆಳೆದ ನಾಯಿ. ಇಷ್ಟು ವರ್ಷ ತಾನು ತಿಂದ ಮೀನುಗಳೆಲ್ಲದರ ಕುಲದೈವ ಸೇಡು ತೀರಿಸಿಕೊಳ್ಳಲು ಬಂದಿದೆ ಎಂದುಕೊಂಡಿತೋ ಏನೋ, "ಕಂಯ್ಯೋ!" ಎಂದು ಚೀರಿ ಓಡೊಯ್ ಅವರ ಕಾಲ ಸಂದಿಯಲ್ಲಿ ನುಗ್ಗಿ ಬೀದಿಗೆ ಬಿದ್ದು ಓಡಿತು. ಓಡಿದ್ದು ಒಂಟಿಯಾಗಿ ಅಲ್ಲ. ಹಿರಿಯರು ಭುಜದ ಮೇಲಿಂದ ಸುತ್ತಿದ್ದ ಆರು ಗಜದ ವಸ್ತ್ರವೂ ಜೊತೆಗೆ ಹೋಯಿತು. ಜೊತೆಗೆ ಬಂದಿದ್ದ ಕುಟುಂಬದ ಹನ್ನೊಂದು ಜನರ ಎದುರು ಓಡೊಯ್ ಹೂವಿನ ಚಡ್ಡಿಯಲ್ಲಿ, ಕೈಯಲ್ಲಿ ಲೋಟ ಹಿಡಿದು, ನಿಂತೇ ಇದ್ದರು.

"ನಾಯಿ ಸುಮ್ಸುಮ್ನೆ ಕಿರುಚಲ್ಲ ಕಣೋ," ಎಂದರು, ಲೋಟ ಕೆಳಗಿಟ್ಟು. "ಅದರ ಬಾಯಲ್ಲಿ ನಮ್ಮಣ್ಣನೇ ಬೇಡ ಅಂದಿರ್ಬೇಕು. ಶನಿವಾರ ಬೆಳಿಗ್ಗೆ ಬರ್ತೀನಿ. ನಿನ್ನ ನಾಯಿ ಈ ಮೀನಿನ ಪಕ್ಕ ಹೆದರದೆ ನಿಂತ್ರೆ ಸರಿ. ಇಲ್ದಿದ್ರೆ ಎದುರು ಅಂಗಡಿಯೋನ ಹತ್ರ ಒಂದು ದೋಣಿ ಪೆಟ್ಟಿಗೆ ರೆಡಿ ಇದೆ."

ಎದುರು ಅಂಗಡಿಯವನು! ಮೀನುಗಾರರ ಮುಖಂಡನ ಪೆಟ್ಟಿಗೆ ತಿರಸ್ಕೃತವಾದರೆ ದಂಡೆಯಲ್ಲಿ ಇನ್ನು ಯಾವ ಹೆಣವೂ ಲಾರ್ಯೆಯ ಕಡೆ ಮುಖ ಮಾಡುವುದಿಲ್ಲ.

ಅವನು ಆಗಲೇ ನಾಯಿಯನ್ನು ಹುಡುಕಿ, ಕಿವಿ ಹಿಡಿದು, ಮೀನಿನ ಮುಂದೆ ಎಳೆತಂದು ಉಪದೇಶ ಶುರುಮಾಡಿದ. "ನೋಡೋ ಹೇಡಿ! ಮರ ಇದು, ಮರ!" ಕಮಾಂಡೊ ಹಾರಿ ಅವನ ಹೆಂಡತಿ ಅಡೋಲೆಯ, ಮೆಕ್ಕೆಜೋಳದ ಕೆಂಕೆ ಕಡುಬು ಬೇಯಿಸುವ ಹಂಡೆಯ ಮುಚ್ಚಳದ ಮೇಲೆ ನಿಂತಿತು. ಬಿಸಿ ತಾಗಿದರೂ ಇಳಿಯಲಿಲ್ಲ.

"ಎಳೀಬೇಡಿ ಅಂತ ರೇಡಿಯೋದಲ್ಲಿ ಪ್ರಾಣಿಗಳ ಡಾಕ್ಟ್ರು ಬಡ್ಕೊಂಡಿದ್ದು ಕೇಳ್ಲಿಲ್ವಾ?" ಎಂದಳು ಅಡೋಲೆ. "ದೂರದಲ್ಲಿ ತಿಂಡಿ ಇಡ್ಬೇಕಂತೆ. ದಿನಾ ಸ್ವಲ್ಪ ಹತ್ರ. ಬಯ್ಯೋ ಹಾಗಿಲ್ಲ. ತಾನಾಗೇ ಬರ್ಬೇಕು."

"ಬಯ್ಯದೆ ಕಲಿಸೋದಾ? ನನಗೆ ನೀನು ಹಾಗೆ ಕಲಿಸಿದ್ಯಾ?"

"ನಾಯಿಗಾದ್ರೆ ಬುದ್ಧಿ ಇರುತ್ತೆ ಅಂತ ಡಾಕ್ಟ್ರು ಹೇಳಿದ್ರು."

ಹೀಗೆ ಶ್ವಾನಧೈರ್ಯ ಮಹಾಯಜ್ಞ ಆರಂಭವಾಯಿತು. ಆಹುತಿಗೆ ಅಡೋಲೆ ಮಾರಲೆಂದು ಹುರಿದ ಮೀನು. ಸೋಮವಾರ ಹತ್ತು ಹೆಜ್ಜೆ ದೂರದಲ್ಲಿ ಒಂದು ತುಂಡು. ಕಮಾಂಡೊ ಅಕ್ಷರಶಃ ಮೀನಮೇಷ ಎಣಿಸಿತು: ಒಂದು ಕಣ್ಣು ಚಿಕ್ಕ ಮೀನಿನ ಮೇಲೆ, ಇನ್ನೊಂದು ದೊಡ್ಡ ಮೀನಿನ ಮೇಲೆ. ಸಂಜೆಗೆ ತಿಂದಿತು. ಬುಧವಾರ ಐದು ಹೆಜ್ಜೆ. ಗುರುವಾರ ಬಾಲದ ಬುಡ. ಶುಕ್ರವಾರ ಅಡೋಲೆ ತುಂಡನ್ನು ಪೆಟ್ಟಿಗೆಯ ಬಾಯಲ್ಲೇ ಇಟ್ಟಳು. ನಾಯಿ ಹೋಗಿ, ಹಲ್ಲುಗಳ ನಡುವಿನಿಂದ ಎತ್ತಿಕೊಂಡು, ಆ ಭಯಂಕರ ಕಣ್ಣನ್ನು ಒಮ್ಮೆ ನೆಕ್ಕಿತು.

"ನಾನು ಕಲಿಸಿದ ನಾಯಿ!" ಎಂದು ಲಾರ್ಯೆ ಬೀದಿಗೆಲ್ಲ ಕೇಳುವಂತೆ ಕೂಗಿದ. ಅಡೋಲೆ ಖಾಲಿ ಬುಟ್ಟಿಯನ್ನು ಅವನ ಮುಂದೆ ಕವುಚಿಟ್ಟು ಒಳಗೆ ಹೋದಳು.

ಶನಿವಾರ ಓಡೊಯ್ ಬಂದರು. ಕಪ್ಪು ಕೆಂಪು ವಸ್ತ್ರ, ಈ ಸಲ ಸೊಂಟಕ್ಕೆ ಬಿಗಿಯಾದ ಬೆಲ್ಟು. ಹಿಂದೆ ಕುಟುಂಬ, ಅದರ ಹಿಂದೆ ಕಹಳೆಯವರು, ಅವರ ಹಿಂದೆ ಇಡೀ ಬೀದಿ. ಎದುರು ಅಂಗಡಿಯವನು ತನ್ನ ದೋಣಿಯ ಧೂಳು ಒರೆಸುತ್ತ ನಿಂತಿದ್ದ. ಲಾರ್ಯೆ ಈ ಸಲ ಎಲ್ಲರೂ ನೀರು ಕುಡಿದು ಮುಗಿಸುವವರೆಗೆ ಕಾದು, ಹೊದಿಕೆ ಸರಿಸಿ, ಮುಚ್ಚಳ ತೆಗೆದ.

ಕಮಾಂಡೊ ಎದ್ದಿತು. ಮೈಮುರಿಯಿತು. ಧೀರಗಂಭೀರವಾಗಿ ನಡೆದು ಪೆಟ್ಟಿಗೆಯೊಳಗೇ ಹಾರಿ, ಮೂರು ಸುತ್ತು ಸುತ್ತಿ, ಬಿಳಿ ರೇಷ್ಮೆಯ ಮೇಲೆ ಮಲಗಿ ಆಕಳಿಸಿತು. ಜನ ಹೋ ಎಂದರು. ಕಹಳೆ ಮೊಳಗಿತು. ಆ ಗದ್ದಲದಲ್ಲಿ ಪೆಟ್ಟಿಗೆಯ ತಳ "ಕಿರ್ರ್" ಎಂದದ್ದು ಲಾರ್ಯೆಯ ಹೊರತು ಯಾರಿಗೂ ಕೇಳಿಸಲಿಲ್ಲ.

"ಅಣ್ಣ ಒಪ್ಪಿದ!" ಓಡೊಯ್ ಕಣ್ಣೊರೆಸಿಕೊಂಡರು. "ಮೀನು ನಮ್ಮದೇ. ಇನ್ನೊಂದೇ ಒಂದು ಮಾತು, ಬಡಗಿ. ಅಣ್ಣ ನಿನ್ನಷ್ಟೇ ಎತ್ತರ, ನಿನ್ನಷ್ಟೇ ಗಾತ್ರ. ಪಾಪ, ಆಯುಷ್ಯವಿಡೀ ದೋಣೀಲಿ ಮಂಡಿ ಮಡಚ್ಕೊಂಡೇ ಕೂತಿದ್ದ. ಇನ್ನಾದ್ರೂ ಕಾಲು ಚಾಚ್ಲಿ. ನೀನು ಒಂದ್ಸಲ ಒಳಗೆ ಮಲಗಿ ತೋರ್ಸಪ್ಪ."

ಲಾರ್ಯೆ ಒಂದು ಹೆಜ್ಜೆ ಹಿಂದೆ ಸರಿದ. ಮತ್ತೊಂದು. ಬೀದಿಗೆ ಬೀದಿಯೇ ಬೆಕ್ಕಸಬೆರಗಾಗಿ ನೋಡುತ್ತಿದ್ದಂತೆ, ಇಪ್ಪತ್ತಾರು ವರ್ಷ ಅನುಭವದ ಬಡಗಿ ಬಗ್ಗಿ ಬೆಂಚಿನಡಿ ನುಸುಳಿದ. ಕಮಾಂಡೊ ಪೆಟ್ಟಿಗೆಯಿಂದ ತಲೆ ಎತ್ತಿ ಕರುಣೆಯಿಂದ ನೋಡಿತು.

"ಯಾರೂ ಎಳೀಬೇಡಿ!" ಅಡೋಲೆ ಓಡಿಬಂದು ಬೆಂಚಿನಿಂದ ಎರಡು ಹೆಜ್ಜೆ ದೂರದಲ್ಲಿ ಹುರಿದ ಮೀನಿನ ತುಂಡೊಂದನ್ನು ಇಟ್ಟಳು. "ತಾನಾಗೇ ಬರ್ಲಿ."

ಬರಲಿಲ್ಲ. ಕೊನೆಗೆ ಓಡೊಯ್ ಅವರೇ ಬೆಲ್ಟು ಹಿಡಿದುಕೊಂಡು ಬಗ್ಗಿದರು.

"ಅಲ್ವೋ, ನಾಯಿಗೇ ಭಯ ಇಲ್ಲ! ಪೆಟ್ಟಿಗೆ ನೀನೇ ಮಾಡಿದ್ದು. ಇನ್ನು ನಿನಗ್ಯಾತರ ಭಯ?"

ಬೆಂಚಿನಡಿಯಿಂದ ಸಣ್ಣ ಸ್ವರ ಬಂತು:

"ಅದಕ್ಕೇ ಯಜಮಾನ್ರೆ. ತಳಕ್ಕೆ ಎಷ್ಟು ಮೊಳೆ ಹೊಡೆದಿದೀನಿ ಅಂತ ನಾಯಿಗೆ ಗೊತ್ತಿಲ್ಲ."